ಕತ್ತಿ ಅಣ್ಣನಿಗೆ, ಕಲ್ಲು ತಮ್ಮನಿಗೆ

ನಮ್ಮ ಮಾವನ ಮನೆಯ ಆಸ್ತಿ ಪಾಲಾದ ಕಥೆ ಕೇಳಿದರೆ ಯಾರಿಗಾದರೂ ನಗು ಬರಬೇಕು. ಹೊಲವಿರಲಿಲ್ಲ, ಗದ್ದೆಯಿರಲಿಲ್ಲ. ಇದ್ದದ್ದು ಅವರಪ್ಪನ ಕ್ಷೌರದ ಹಡಪ ಒಂದೇ. ಅದರೊಳಗಿನ ಕತ್ತಿ ಅಣ್ಣನಿಗೆ, ಆ ಕತ್ತಿಯನ್ನು ಮಸೆಯುವ ಕಲ್ಲು ತಮ್ಮನಿಗೆ ಎಂದು ಹಳಿಯಾಳದ ಹಿರಿಯರು ಕೂತು ನ್ಯಾಯ ಹೇಳಿದ್ದರು. ಎತ್ತು ಒಬ್ಬನಿಗೆ, ನೊಗ ಇನ್ನೊಬ್ಬನಿಗೆ! ಆ ಹಿರಿಯರ ಬುದ್ಧಿಗೆ ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಣ್ಣ ಎಂದರೆ ನನ್ನ ಮಾವ. "ಕಲ್ಲು ಎಲ್ಲಿ ಬೇಕಾದ್ರೂ ಸಿಗತೈತಿ, ಅಪ್ಪನ ಕತ್ತಿ ಸಿಗತೈತೇನು?" ಎಂದು ಅವರೇ ಹಟ ಹಿಡಿದು ಕತ್ತಿ ತೆಗೆದುಕೊಂಡರಂತೆ. ತಮ್ಮ, ಅಂದರೆ ನಮ್ಮ ಸಣ್ಣ ಮಾವ, ಪೇಟೆಯಿಂದ ಹೊಸ ಕತ್ತಿ ತಂದುಕೊಂಡು ಹಳಿಯಾಳದ ಹಳೆಯ ಮನೆತನಗಳನ್ನೇ ನೋಡಿಕೊಂಡು ಉಳಿದರು. ನನ್ನ ಗಂಡನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಕೆಲಸ ಸಿಕ್ಕಿದ್ದರಿಂದ ಮಾವ ಮಗನ ಹಿಂದೆ ಬಂದರು. ನಾನು ಮುಂಡಗೋಡದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಆ ಮನೆ ಹೊಕ್ಕಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಕಾರ್ಖಾನೆಯ ದಾರಿಯಲ್ಲಿ ಒಂದು ಮಾವಿನ ಮರದ ಕೆಳಗೆ ಮಾವ ಗೋಣಿತಟ್ಟು ಹಾಸಿ ಕೂಡುತ್ತಿದ್ದರು. ಕಾರ್ಖಾನೆಯ ಭೋಂಗಾ ಕೂಗಿ ಪಾಳಿ ಬಿಟ್ಟರೆ ಸಾಕು, ಅವರ ಮುಂದೆ ಮಂದಿ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದರು.

ಆ ಕತ್ತಿಯ ಹಿಡಿ ಎಮ್ಮೆಯ ಕೋಡಿನದು, ಮೂರು ತಲೆಮಾರಿನ ಬೆರಳು ತಾಗಿ ತಾಗಿ ನುಣುಪಾಗಿತ್ತು. ಅಲಗು ಮಾತ್ರ ತಾನು ಸವೆದ ಕಲ್ಲನ್ನೇ ಕೇಳುತ್ತಿತ್ತು. ಅದೂ ಕಲ್ಲೂ ಕೂಡಿಯೇ ಸವೆದಿದ್ದವು. ಬೇರೆ ಕಲ್ಲಿನ ಮೇಲೆ ಇಟ್ಟರೆ ಅದು ಕೂಡುತ್ತಿರಲಿಲ್ಲ. ಹೀಗಾಗಿ ಪ್ರತಿ ಅಮಾವಾಸ್ಯೆಗೆ ಮಾವ ಹಳಿಯಾಳದ ಬಸ್ಸು ಹತ್ತುತ್ತಿದ್ದರು. ಅಮಾವಾಸ್ಯೆಯಂದು ಯಾರೂ ಕ್ಷೌರ ಮಾಡಿಸಿಕೊಳ್ಳುವುದಿಲ್ಲ, ಇಬ್ಬರಿಗೂ ಬಿಡುವು. ತಮ್ಮನ ಕಟ್ಟೆಯ ಮೇಲೆ ಕೂತು ಕತ್ತಿ ಮಸೆಯುವುದು, ಹೋಳಿಗೆ ಉಣ್ಣುವುದು, ಸಂಜೆಗೆ ತಿರುಗಿ ಬರುವುದು. ಆ ದಿನ ಮಾವನ ಮುಖ ನೋಡುವಂತಿರುತ್ತಿತ್ತು.

ಒಂದು ಅಮಾವಾಸ್ಯೆಗೆ ನಾನೂ ಜೊತೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಸಣ್ಣ ಮಾವ ನಗುತ್ತ ಅಂದರು: "ಏನ ಅನ್ನು ಅಣ್ಣಾ, ಕತ್ತಿ ನಿಂದಾದ್ರೂ ಹರಿತ ನಂದು."

ಅದು ಚೇಷ್ಟೆಯ ಮಾತೇ. ಆದರೆ ಆ ಮನೆತನದ ಗಂಡಸರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮಾವ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿ ಎದ್ದರು. "ನಿನ್ನ ಹರಿತ ನಿನ್ನ ಹಂತ್ಯಾಕ ಇರಲಿ," ಎಂದು ಕತ್ತಿ ಮಡಚಿ ನಡೆದೇಬಿಟ್ಟರು. ಸಣ್ಣತ್ತೆ ಬಾಗಿಲವರೆಗೆ ಓಡಿ ಬಂದು, "ಭಾವಾರ, ಉಂಡರ ಹೋಗ್ರಿ," ಎಂದು ಬೇಡಿಕೊಂಡರು. ಇವರು ತಿರುಗಿ ಸಹ ನೋಡಲಿಲ್ಲ.

ಅಲ್ಲಿಂದ ಆ ಕತ್ತಿಗೆ ಕೇಡುಗಾಲ ಬಂತು. ಮಾವ ಕಾಳೀ ನದಿಯ ದಂಡೆಯಲ್ಲಿ ಹುಡುಕಿ ನುಣುಪು ಕಲ್ಲು ತಂದರು. ಆಗಲಿಲ್ಲ. ಹುಬ್ಬಳ್ಳಿಯಿಂದ ಅಂಗಡಿಯ ಕಲ್ಲು ತರಿಸಿದರು. ಅದು ಅಲಗನ್ನು ಇನ್ನಷ್ಟು ಕೆಡಿಸಿತು. ಕ್ಷೌರಕ್ಕೆ ಕೂತವರು ಹಲ್ಲು ಕಚ್ಚತೊಡಗಿದರು. ಗೀರಿಗೆ ಹಚ್ಚುವ ಪಟಕದ ಕಲ್ಲು ದಿನದಿನಕ್ಕೆ ಕರಗಿತು. ಒಬ್ಬ ಗಿರಾಕಿ ಗಲ್ಲ ಒರೆಸಿಕೊಳ್ಳುತ್ತ, "ಕಾಕಾ, ಗಡ್ಡಾ ತಗೀತೀರೋ, ಕಳೆ ಕೀಳ್ತೀರೋ?" ಎಂದು ಕೇಳಿಯೇ ಬಿಟ್ಟ. ಅಷ್ಟರಲ್ಲಿ ಪೇಟೆಯಲ್ಲಿ ಕನ್ನಡಿ, ಕುರ್ಚಿ ಇಟ್ಟ ಅಂಗಡಿ ಬಂದಿತ್ತು. ಕೆಲವರು ಮನೆಯಲ್ಲೇ ಬ್ಲೇಡು ಹಿಡಿದರು. ಮಾವಿನ ಮರದ ಕೆಳಗೆ ಮಾವ ಒಬ್ಬರೇ ಕೂತಿರುವುದನ್ನು ನೀರಿಗೆ ಹೋಗುವಾಗ ನೋಡುತ್ತಿದ್ದೆ.

"ಒಮ್ಮೆ ಹೋಗಿ ಕಲ್ಲು ಕೇಳ್ರಿ, ತಮ್ಮ ಅಲ್ಲೇನು?" ಎಂದು ಬಾಗಿಲ ಮರೆಯಿಂದ ಅಂದಿದ್ದೆ.

"ಅಂವಾ ಕರೀಲಿ, ಹೋಗ್ತೇನಿ."

ಬಂದುಹೋಗುವ ಬೀಗರ ಕೈಯಲ್ಲಿ ಹಳಿಯಾಳಕ್ಕೂ ಹೇಳಿ ಕಳಿಸಿದೆ. ಅಲ್ಲಿಂದ ಬಂದ ಉತ್ತರ: "ಬಾಗಲಾ ತಗದೈತಿ. ಬರೂದಿದ್ರ ಬರ್ಲಿ." ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುತ್ತಾರಲ್ಲ, ಇವರು ಜಗಳವಾಡಲು ಆಸ್ತಿಯೂ ಇಲ್ಲದ ದಾಯಾದಿಗಳು. ಅಮಾವಾಸ್ಯೆಗಳು ಬಂದವು, ಹೋದವು, ವರ್ಷಗಳೇ ಕಳೆದವು.

ಒಂದು ಮುಂಜಾನೆ ಹಳಿಯಾಳದ ಮೊದಲ ಬಸ್ಸಿಗೆ ಸಂಬಂಧಿಕನೊಬ್ಬ ಬಂದ. ಸಣ್ಣ ಮಾವನಿಗೆ ಕಾಮಾಲೆಯಾಗಿತ್ತಂತೆ, ಹಾಸಿಗೆ ಹಿಡಿದು ಬಹಳ ದಿನವಾಗಿತ್ತಂತೆ. ರಾತ್ರಿ ಹೋಗಿಬಿಟ್ಟರು ಎಂದ. ಮಾವ ಎದ್ದರು. ಹಡಪ ಬಗಲಿಗೆ ಹಾಕಿಕೊಂಡು ಚಪ್ಪಲಿ ಸಹ ಮೆಟ್ಟದೆ ಹೊರಟರು, ನಾವೂ ಹಿಂದೆಯೇ ಹೋದೆವು.

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಸಣ್ಣ ಮಾವ ಗಿರಾಕಿಯ ಹಾಗೆ ಕೂತಿದ್ದರು. ಬೇನೆಯಲ್ಲಿ ಬೆಳೆದ ಗಡ್ಡ ಮುಖ ತುಂಬಿತ್ತು. ಊರಿಗೆಲ್ಲ ಕ್ಷೌರ ಮಾಡಿದವನಿಗೆ ಕಡೆಯ ಕ್ಷೌರವನ್ನು ಮನೆಯವರೇ ಮಾಡಬೇಕು. ಹೆಣಕ್ಕೆ ಹಚ್ಚಿದ ಕತ್ತಿಯನ್ನು ಮತ್ತೆ ಬದುಕಿದವರ ಮುಖಕ್ಕೆ ಹಚ್ಚುವಂತಿಲ್ಲವಾದ್ದರಿಂದ, ಅದಕ್ಕೆಂದೇ ಬೇರೆ ಒಂದು ಹಳೆಯ ಕತ್ತಿ ಇರುತ್ತದೆ. ಹಿರಿಯರೊಬ್ಬರು ಅದನ್ನು ತಂದು ಕೊಟ್ಟರು. ಮಾವ ಅದನ್ನು ಪಕ್ಕಕ್ಕೆ ಸರಿಸಿ ತಮ್ಮಪ್ಪನ ಕತ್ತಿ ತೆಗೆದರು. ಗಡ್ಡಕ್ಕೆ ನೀರು ಹಚ್ಚಿ ನೆನೆಸಿದರು. ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಆಮೇಲೆ ಸಣ್ಣತ್ತೆಯ ಕಡೆ ಮುಖ ಮಾಡಿ, ಅಷ್ಟು ವರ್ಷ ಬಾಯಿಂದ ಹೊರಡದ ಮಾತನ್ನು ಆಡಿದರು: "ಕಲ್ಲ ಕೊಡವಾ."

ಸಣ್ಣತ್ತೆ ತಂದು ಇಟ್ಟರು. ಮಾವ ಮಸೆಯತೊಡಗಿದರು. ಬಿಸಿಲು ಏರಿತು. "ತಡಾ ಆತು, ಸಾಕು ಮಾಡ್ರಿ," ಎಂದು ಹಿರಿಯರು ಅಂದರೂ ಅವರು ಬಿಡಲಿಲ್ಲ. ಕಡೆಗೆ ಕ್ಷೌರ ಮಾಡಿದರು, ಎಲ್ಲೂ ಒಂದು ಗೀರು ಬೀಳಲಿಲ್ಲ. ತಮ್ಮನ ಗದ್ದ ಹಿಡಿದು ಮುಖವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ನೋಡಿದರು. ಮಧ್ಯಾಹ್ನ ಕತ್ತಿ ತಮ್ಮನ ಜೊತೆಗೇ ಮಣ್ಣಿಗೆ ಹೋಯಿತು.

ಮಣ್ಣು ಮಾಡಿ ಬಂದು ಕಟ್ಟೆಯ ಮೇಲೆ ಕೂತಾಗ ಸಣ್ಣತ್ತೆ ಕಲ್ಲನ್ನು ತೊಳೆದು ತಂದು ಮಾವನ ಮುಂದಿಟ್ಟರು. ಸಣ್ಣತ್ತೆಗೆ ಮಕ್ಕಳಿರಲಿಲ್ಲ. "ಒಯ್ರಿ ಭಾವಾರ, ಈ ಮನ್ಯಾಗ ಇನ್ನ ಮಸಿಯೋರು ಯಾರದಾರ?"

"ನಾ ಒಯ್ದು ಏನ ಮಾಡ್ಲಿವಾ, ಕತ್ತೀನ ಇಲ್ಲ."

ಸಣ್ಣತ್ತೆ ಕಲ್ಲಿನ ಒಂದು ಮಗ್ಗುಲನ್ನು ಸೆರಗಿನಿಂದ ಒರೆಸಿದರು. "ಈ ಮಗ್ಗಲಾ ಅವರು ಮುಟ್ಟತಿದ್ದಿಲ್ರೀ. ತಮ್ಮ ಕತ್ತಿ ಹಿಂದಿನ ಮಗ್ಗಲಕ್ಕ ಮಸ್ಕೊತಿದ್ರು. ಇದು ಅಣ್ಣನ ಕತ್ತಿ ಕುಂದ್ರೂ ಮಗ್ಗಲಾ, ಕೆಡಸಬಾರ್ದು, ಇಂದಲ್ಲ ನಾಳೆ ಬರ್ತಾನ ಅಂತಿದ್ರು."

"ಒಂದ್ ಮಾತು ಹೇಳಿ ಕಳಸಬೇಕಿತ್ತಲ್ಲವಾ?"

"ನೀವು ಬರಬೇಕಿತ್ತಲ್ರೀ."

ಸಿಟ್ಟಿನಿಂದ ಅಂದಿದ್ದರೆ ಮಾವ ಎದ್ದು ಹೋಗುತ್ತಿದ್ದರು. ಸಣ್ಣತ್ತೆ ಮೆಲ್ಲಗೆ ಅಂದರು, ಮಾವ ಅಲ್ಲೇ ಕೂತರು.