ಡಬ್ಬಿಗಳ ಹಿಂದಿನ ಸೀಸೆ

ಮುಲುಂಡಿನ ನಮ್ಮ ಅಡುಗೆಮನೆಯ ಹಲಗೆಯ ಮೇಲೆ, ಉಪ್ಪು, ಅರಿಸಿನಗಳ ಡಬ್ಬಿಗಳ ಹಿಂದೆ, ಕಂದು ಗಾಜಿನ ಪುಟ್ಟ ಸೀಸೆಯೊಂದಿದೆ. ಅದನ್ನು ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ ಎಂದು ಮನೆಯವಳು ಪ್ರತಿ ಕ್ರಿಸ್ಮಸ್ಸಿನ ಸುಣ್ಣಬಣ್ಣದ ವೇಳೆ ಕೇಳುತ್ತಾಳೆ. ನಾನು ಏನೋ ಹೇಳಿ ಜಾರಿಕೊಳ್ಳುತ್ತೇನೆ. ನಿಮಗಾದರೆ ಹೇಳಬಹುದು, ಗೆಳೆಯರೇ. ನೀವು ಎದುರು ಕೂತು ಸಮಾಧಾನ ಮಾಡಲು ಬರುವುದಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನೂ ತಂಗಿ ರೂತಳೂ ಧಾರಾವಿಯ ಚಾಳಿನ ಒಂದೇ ಖೋಲಿಯಲ್ಲಿದ್ದೆವು. ಗದಗದ ಕಡೆಯಿಂದ ಬಂದ ನಾವು ಹುಟ್ಟು ಕ್ರೈಸ್ತರು. ಆದರೆ ನನ್ನ ವಿಶ್ವಾಸ ಭಾನುವಾರದ ಇಸ್ತ್ರಿಯ ಅಂಗಿಯಂತೆ, ಚರ್ಚಿನಿಂದ ಬಂದೊಡನೆ ಗೂಟ ಸೇರುತ್ತಿತ್ತು. ರೂತಳದು ಹಾಗಲ್ಲ. ಅವಳಿಗೆ ಕ್ಷಯ ಬಂತು. ದವಾಖಾನೆಯ ಗುಳಿಗೆಗಳಿಂದ ಎರಡು ತಿಂಗಳಲ್ಲಿ ಕೆಮ್ಮು ತಗ್ಗಿ ಮುಖಕ್ಕೆ ಕಳೆ ಬಂದದ್ದೂ, ಪಕ್ಕದ ಗಲ್ಲಿಯ ಹೊಸ ಪ್ರಾರ್ಥನಾ ಕೂಟಕ್ಕೆ ಅವಳು ಹೋಗತೊಡಗಿದ್ದೂ ಒಟ್ಟಿಗೇ ನಡೆದವು. ಶ್ರೇಯಸ್ಸು ಯಾರಿಗೆ ಸಂದಿತೆಂದು ಬೇರೆ ಹೇಳಬೇಕಿಲ್ಲ. ಆ ಕೂಟದಲ್ಲೊಂದು ಪದ್ಧತಿಯಿತ್ತು: ಗುಣವಾಗುವೆನೆಂದು ನಂಬಿದವರು ತಮ್ಮ ಔಷಧಿಯನ್ನು ಎಲ್ಲರೆದುರು ತಗಡಿನ ಬುಟ್ಟಿಗೆ ಹಾಕಬೇಕು, ಮನೆಯವರೊಬ್ಬರು ಅದನ್ನು ಒಯ್ದು ಸಮುದ್ರದ ಹಿನ್ನೀರು ನುಗ್ಗುವ ಖಾಡಿಗೆ ಎಸೆಯಬೇಕು. ರೂತಳ ಸೀಸೆಯನ್ನು ಒಯ್ದವನು ನಾನು. ಎಸೆಯಲಿಲ್ಲ; ಕಿಸೆಯಲ್ಲಿಟ್ಟು ತಂದು ಖೋಲಿಯ ಡಬ್ಬಿಗಳ ಹಿಂದೆ ಬಚ್ಚಿಟ್ಟೆ.

ಮಳೆ ಹಿಡಿಯುವ ಹೊತ್ತಿಗೆ ಕೆಮ್ಮು ಮರಳಿತು, ರಕ್ತದೊಡನೆ. ಕೂಟದ ಹಿರಿಯರೊಬ್ಬರು ಬಂದು, ನನ್ನನ್ನೇ ನೋಡುತ್ತ, "ಮನ್ಯಾಗ ಒಬ್ಬಾಂವ ಸಂಶಯ ಪಟ್ರೂ ಸಾಕು, ಸ್ವಸ್ಥತಾ ಹೊಸ್ತಲದಾಗ ನಿಂತ್ಬಿಡತೈತಿ" ಎಂದರು. ಅವರು ಕೆಟ್ಟವರಲ್ಲ, ತಮ್ಮ ಮಗುವಿನ ಜ್ವರಕ್ಕೂ ಪ್ರಾರ್ಥನೆಯನ್ನೇ ನೆಚ್ಚಿದವರು. ತಂಗಿಯನ್ನು ಕೊಲ್ಲುತ್ತಿರುವುದು ಬಚ್ಚಿಟ್ಟ ಆ ಸೀಸೆಯೇ, ನನ್ನ ಸಂಶಯವೇ ಎಂದುಕೊಂಡೆ. ಆದರೂ ಅದನ್ನು ಎಸೆಯಲು ಕೈ ಬರಲಿಲ್ಲ.

ಒಂದು ಮಧ್ಯಾಹ್ನ ರೂತ್ ನನ್ನ ತೋಳು ಹಿಡಿದಳು. "ಅಣ್ಣಾ, ನೀ ಅದನ್ನ ಒಗದಿಲ್ಲ. ಅವತ್ತ ನಿನ್ನ ಕಿಸೇದಾಗ ಸಪ್ಪಳಾ ಕೇಳೇನಿ. ಒಂದ ಗುಳಿಗಿ ಕೊಡೋ."

"ನಂಬಿಕಿ ಬಿಡಬ್ಯಾಡವ್ವಾ," ಎಂದೆ ನಾನು, ಅಲ್ಲಿಯವರೆಗೆ ಒಮ್ಮೆಯೂ ಗಟ್ಟಿಯಾಗಿ ನಂಬದವನು.

ಅವಳು ತೋಳು ಬಿಟ್ಟಳು, ಮತ್ತೆ ಕೇಳಲಿಲ್ಲ. ಮುಂದಿನ ತಿಂಗಳು ಅವಳನ್ನು ಮಣ್ಣು ಮಾಡಿ ಬಂದೆವು.

ನಂಬಿಕೆಯೇ ಅವಳನ್ನು ಕೊಂದಿತೆನ್ನುವವರೂ, ನನ್ನ ಸಂಶಯ ಕೊಂದಿತೆನ್ನುವವರೂ ಆಮೇಲೆ ಸಿಕ್ಕಿದ್ದಾರೆ. ಅವರ ಖಾತ್ರಿ ಕಂಡು ನನಗೆ ಹೊಟ್ಟೆಕಿಚ್ಚು. ನನ್ನ ಸಂಶಯಕ್ಕೆ ಸೀಸೆಯನ್ನು ಉಳಿಸುವಷ್ಟು ಧೈರ್ಯವಿತ್ತು, ಕೊಡುವಷ್ಟು ಇರಲಿಲ್ಲ. ಈಗಲೂ ಚರ್ಚಿಗೆ ಹೋಗುತ್ತೇನೆ, ಅಪನಂಬಿಕೆಯ ಪಾಪಕ್ಕೆ ಕ್ಷಮೆ ಬೇಡುವಾಗ ಎಲ್ಲರೊಡನೆ ಮೊಣಕಾಲೂರುತ್ತೇನೆ; ಆದರೆ ನಂಬಿದ ಆ ಒಂದು ಮಧ್ಯಾಹ್ನಕ್ಕೆ ಕ್ಷಮೆ ಕೇಳುವ ಪ್ರಾರ್ಥನೆ ಪುಸ್ತಕದಲ್ಲಿ ಸಿಗಲಿಲ್ಲ.

ಈ ಸಲ ಸುಣ್ಣ ಹೊಡೆಯಲು ಡಬ್ಬಿಗಳನ್ನು ಇಳಿಸಿದಾಗ ಸೀಸೆ ಕೈಗೆ ಬಂತು. ಇಷ್ಟು ವರ್ಷಗಳಲ್ಲಿ ಮುಚ್ಚಳ ತುಕ್ಕು ಹಿಡಿದು ಬಿಗಿದಿರಬೇಕೆಂದು, ಮೊದಲ ಬಾರಿಗೆ, ತಿರುಗಿಸಿ ನೋಡಿದೆ. ಒಂದೇ ಸುತ್ತಿಗೆ ತೆರೆದುಕೊಂಡಿತು.