ಯಜಮಾನರ ಹೊಲದ ಆಳು

ಊರ ಯಜಮಾನರಾದ ಪುಟ್ಟಬಸಪ್ಪನವರಿಗೆ ಅರವತ್ತೆಂಟು ತುಂಬುವ ಹೊತ್ತಿಗೆ, ಅವರು ಅಷ್ಟು ವರ್ಷ ಹಾಕಿಕೊಂಡ ವೀಳ್ಯದಲ್ಲಿ ಮುಕ್ಕಾಲು ಪಾಲು ಮೊದಲ ವೀಳ್ಯವೇ ಆಗಿತ್ತು. ಜೀರಹಳ್ಳಿ ಕಡೆಯ ಆ ಊರಿನಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಎಲೆ ಅಡಿಕೆಯ ತಟ್ಟೆ ಮೊದಲು ಅವರ ಮುಂದೆ ಬಂದು ನಿಲ್ಲಬೇಕು. ಅವರು ಎರಡು ಎಲೆ ತೆಗೆದುಕೊಂಡ ಮೇಲೆಯೇ ಉಳಿದವರು ಕೈ ಚಾಚುವುದು. ಅವರ ಅಪ್ಪನ ಕಾಲದಲ್ಲೂ ಹಾಗೆ, ಅಜ್ಜನ ಕಾಲದಲ್ಲೂ ಹಾಗೆ. ಒಮ್ಮೆ ಅವರು ಸತ್ಯಮಂಗಲದಿಂದ ಬರುವಾಗ ದಿಂಬಂ ಘಟ್ಟದ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತು ಮೂರು ಗಂಟೆ ತಡವಾಯಿತು. ಊರಿನಲ್ಲಿ ತಾಳಿ ಕಟ್ಟಿಸಿಕೊಂಡ ಹುಡುಗಿ ಊಟವಿಲ್ಲದೆ ಕಾದು ಕೂತಳು. ಯಾರೂ ತಟ್ಟೆ ಮುಟ್ಟಲಿಲ್ಲ. ಕೊನೆಗೆ ಬಂದ ಯಜಮಾನರು ತಟ್ಟೆ ನೋಡಿ, "ಎಲೆ ಬಾಡೋಗದಲ್ಲ" ಎಂದು ಬೇಸರಪಟ್ಟುಕೊಂಡರು.

ಈ ಮರ್ಯಾದೆಗೆ ಒಂದು ಕಟ್ಟಳೆಯೂ ಇತ್ತು. ಯಜಮಾನಿಕೆಯ ಮನೆಯವನು ಗುದ್ದಲಿ ಹಿಡಿಯಬಾರದು. ಬದುವಿನ ಮೇಲೆ ಕೊಡೆ ಬಿಚ್ಚಿಕೊಂಡು ನಿಲ್ಲಬಹುದು, ಆಳುಗಳನ್ನು ಬೈಯಬಹುದು, ಮಣ್ಣಿಗೆ ಮಾತ್ರ ಇಳಿಯಕೂಡದು. ಆಳುಗಳಿದ್ದಷ್ಟು ಕಾಲ ಇದೇನೂ ಕಷ್ಟವಾಗಲಿಲ್ಲ. ಆಮೇಲೆ ಅವರೆಲ್ಲ ಹೆಂಡತಿ ಮಕ್ಕಳ ಸಮೇತ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಬಸ್ಸು ಹತ್ತಿದರು. ಮಗ ಮಹದೇವ ತಾಳವಾಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಗುದ್ದಲಿ ಮುಟ್ಟಬಾರದೆಂಬ ಕಟ್ಟಳೆಯನ್ನು ಅವನು ಅಪ್ಪನಿಗಿಂತ ಹೆಚ್ಚು ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದ.

ಹೀಗಾಗಿ ಮೂರು ವರ್ಷದ ಹಿಂದೆ, ಎರಡೆಕರೆ ಅರಿಶಿಣ ನೀರಿಲ್ಲದೆ ಸುರುಟಿಕೊಳ್ಳುತ್ತಿದ್ದ ಒಂದು ನಸುಕಿನಲ್ಲಿ, ಪುಟ್ಟಬಸಪ್ಪನವರು ಪಂಚೆ ಎತ್ತಿ ಕಟ್ಟಿ ತಾವೇ ಮಣ್ಣಿಗೆ ಇಳಿದರು. ಹೆಂಡತಿ ಶಾಂತಮಲ್ಲಮ್ಮ ತಮ್ಮ ಹಳೆ ಸೀರೆಗಳನ್ನೆಲ್ಲ ಹೊಲದ ಸುತ್ತ ಗೂಟಕ್ಕೆ ಕಟ್ಟಿದರು. ಕಾಡುಹಂದಿ ಬರದಿರಲೆಂದು ಎಲ್ಲರೂ ಹಾಗೆ ಕಟ್ಟುತ್ತಾರೆ. ಆದರೆ ಈ ಸೀರೆಗಳು ಯಾವ ಹಂದಿಯೂ ಬೆಳೆಯದಷ್ಟು ಎತ್ತರಕ್ಕಿದ್ದವು. ಯಜಮಾನರು ಹೊತ್ತು ಮೂಡುವ ಮುಂಚೆ ಒಳಗೆ ಹೋಗಿ, ಬಿಸಿಲು ಚುರುಕಾಗುವ ಮುಂಚೆ ಹೊರಗೆ ಬಂದು, ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಆ ಕೆಲಸ ತಮಗೆ ಇಷ್ಟವಾಗಿಬಿಟ್ಟಿದೆ ಎಂಬುದನ್ನು ಮಾತ್ರ ಹೆಂಡತಿಗೂ ಹೇಳಿರಲಿಲ್ಲ.

ಕಾನೂನು ಓದುತ್ತಿದ್ದ ಮೊಮ್ಮಗಳು ದಿವ್ಯ ರಜೆಗೆ ಬಂದಿದ್ದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಏನೋ ಬರೆದುಕೊಳ್ಳುತ್ತಿದ್ದವಳನ್ನು ಅವರು ಕಾಫಿ ಕುಡಿಯುತ್ತ ಕೇಳಿದರು.

"ಅದೇನವ್ವ ಅಷ್ಟೊಂದು ಬರೀತಾ ಇದ್ದೈ?"

"ಐರ್ಲೆಂಡ್ ಅಂತ ಒಂದು ದೇಶ ತಾತ. ಸಾವ್ರದ ಮುನ್ನೂರು ವರ್ಷದಿಂದೆ ಅಲ್ಲಿ ಯಾರು ಮೇಲು, ಯಾರು ಕೆಳಗು ಅಂತ ಕಾನೂನೇ ಬರ್ದಿದ್ರು. ಒಬ್ಬೊಬ್ಬಂಗೂ ಒಂದೊಂದು ಬೆಲೆ. ಮಕದ ಬೆಲೆ ಅಂತಲೇ ಅದ್ರೆಸ್ರು. ಒಬ್ಬನ ಮಾನ ಕಳುದ್ರೆ ಅವನ ಮಕದ ಬೆಲೆ ಎಷ್ಟೋ ಅಷ್ಟು ಅಸ ಕೊಡ್ಬೇಕು. ಚಿಕ್ಕ ರಾಜಂಗೆ ಇಪ್ಪತ್ತೊಂದು ಕರೆಯೋ ಅಸ."

ಪುಟ್ಟಬಸಪ್ಪನವರಿಗೆ ಆ ದೇಶ ತಕ್ಷಣ ಹಿಡಿಸಿತು. "ನೋಡ್ದಾ ಶಾಂತು, ಅಲ್ಲೂ ಯಜಮಾನ್ರು ಇದ್ರು" ಎಂದರು. ಆಮೇಲೆ ಸ್ವಲ್ಪ ಅನುಮಾನವಾಯಿತು. ಅವರ ಕೊಟ್ಟಿಗೆಯಲ್ಲಿ ಇದ್ದದ್ದು ಎರಡು ಹಸು. ಕೆಳಗಿನ ಬೀದಿಯ ಜಡೆಸ್ವಾಮಿಯ ಕೊಟ್ಟಿಗೆಯಲ್ಲಿ ಇಪ್ಪತ್ತಮೂರು. ಅವನಪ್ಪ ಚಿಕ್ಕಮಾದ ಇದೇ ಮನೆಯಲ್ಲಿ ಸಗಣಿ ಬಾಚಿಕೊಂಡಿದ್ದವನು.

"ಅಸ ಕಟ್ಟುದೋರೆಲ್ಲ ದೊರೆಗಳಾಯ್ತಿದ್ರಾ?"

"ಇಲ್ಲ ತಾತ. ಅಜ್ಜ, ಅಪ್ಪ, ಮಗ, ಮೂರು ತಲೆಗೂ ಆಸ್ತಿ ಇರ್ಬೇಕು. ಆಗ ಮೂರನೇವನು ದೊರೆ."

ಜಡೆಸ್ವಾಮಿಯದು ಮೊದಲನೇ ತಲೆ. ಯಜಮಾನರು ನಿಶ್ಚಿಂತೆಯಿಂದ ಕಾಫಿ ಹೀರಿದರು. ದಿವ್ಯ ಹಾಳೆ ತಿರುವಿ, "ಇದು ಕೇಳಿ, ಚೆನ್ನಾಗದೆ. ರಾಜ ಕೊಡಲಿನೋ, ಕೊಡತಿನೋ, ಗುದ್ಲಿನೋ ಇಡ್ಕಂಡು ಗೇಯೋದು ಕಂಡ್ರೆ, ಅವತ್ತಿಂದ ಅವನ ಮಕಕ್ಕೆ ಒಕ್ಕಲು ಮಗನ ಬೆಲೆ ಅಷ್ಟೆ" ಎಂದಳು.

ಲೋಟ ತುಟಿಯ ಹತ್ತಿರವೇ ನಿಂತಿತು. ಒಲೆಯ ಮುಂದಿನಿಂದ ಶಾಂತಮಲ್ಲಮ್ಮ, "ಆ ರಾಜನ ಕಾಲ್ದಲ್ಲಿ ತಿರುಪ್ಪೂರು ಇರ್ನಿಲ್ಲ ಅಂತ ಕಾಣ್ತದೆ" ಎಂದರು.

ಯಜಮಾನರು ಗಂಟಲು ಸರಿಮಾಡಿಕೊಂಡು ಕೇಳಿದರು. "ಗೇದ್ರೆ ಅಂತ ಬರ್ದವ್ರಾ, ಗೇಯೋದು ಕಂಡ್ರೆ ಅಂತ ಬರ್ದವ್ರಾ?"

ದಿವ್ಯ ಬೆರಳಿಟ್ಟು ನೋಡಿ, "ಕಂಡ್ರೆ ಅಂತಲೇ ಅದೆ" ಎಂದಳು.

ಮಾರನೆಯ ದಿನ ಸೀರೆಗಳು ಇನ್ನೂ ಒಂದು ಗೇಣು ಮೇಲೇರಿದವು.

ಅದಾಗಿ ನಾಲ್ಕು ದಿನಕ್ಕೆ, ಪುಟ್ಟಬಸಪ್ಪನವರು ಮೊಣಕಾಲು ಮಟ್ಟ ಕೆಸರಿನಲ್ಲಿ ನಿಂತು ಮಡಿಯ ಬಾಯಿ ತಿರುಗಿಸುತ್ತಿದ್ದಾಗ, ಒಂದು ಕರು ಸೀರೆಯ ಕೆಳಗೆ ನುಗ್ಗಿ ಒಳಗೆ ಬಂತು. ಅದರ ಹಿಂದೆಯೇ ಸೀರೆ ಸರಿಸಿಕೊಂಡು ಜಡೆಸ್ವಾಮಿ ಬಂದ. ಯಜಮಾನರು ತಲೆಗೆ ಸುತ್ತಿದ್ದ ಟವೆಲನ್ನು ಮೂಗಿನವರೆಗೆ ಎಳೆದುಕೊಂಡು ಬೆನ್ನು ತಿರುಗಿಸಿದರು.

"ಯಾರ್ಲಾ ಅದು?"

ಓಡುವುದಕ್ಕೆ ಕೆಸರು ಬಿಡುವಂತಿರಲಿಲ್ಲ. ಜೀವಮಾನವೆಲ್ಲ ಬೇರೆಯವರ ಬಾಯಲ್ಲಿ ಕೇಳಿದ್ದ ಮಾತು ಅವರ ಬಾಯಿಂದ ತಾನಾಗಿ ಹೊರಟಿತು. "ಆಳು, ಬುದ್ಧಿ."

"ಯಾವೂರೋನ್ಲಾ?"

"ಗಟ್ಟದ ಕೆಳಗ್ಲೋನು."

"ಯಜಮಾನ್ರೆಲ್ಲಿ?"

"ಮನಗವ್ರೆ."

"ಮನಗಿರ್ಲಿ ಬುಡು, ಎದ್ದು ಮಾಡೋದಾರೂ ಏನದೆ." ಜಡೆಸ್ವಾಮಿ ಕರುವಿನ ಹಗ್ಗ ಹಿಡಿದ. ಹೋಗಲಿಲ್ಲ. ಹೊಲದ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದ. "ಅಲ್ಲ ಕಣ್ಲಾ, ಈ ಮಡಿಯೆಲ್ಲ ನೀನೇ ಕಟ್ಟಿದ್ದಾ? ಮ್ಯಾಲಿಂದ ಕೆಳೀಕೆ ನೀರು ಒಂದೇ ಸಮ ಓಯ್ತಾ ಅದಲ್ಲ. ನಮ್ಮಪ್ಪ ಇಂಗ್ ಕಟ್ತಿದ್ದ. ಅವನಾದ್ಮೇಲೆ ಇಂಥ ಕೈ ನಾ ನೋಡ್ನಿಲ್ಲ."

ಕರುವಿನ ಗಂಟೆಯ ಸದ್ದು ದೂರವಾಗುವವರೆಗೂ ಪುಟ್ಟಬಸಪ್ಪನವರು ಹಾಗೇ ನಿಂತಿದ್ದರು. ಹೆದರಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಸ್ವಲ್ಪ ತಡವಾಗಿ. ಮೊದಲು ಆದದ್ದು ಸಂತೋಷ. ನಲವತ್ತು ವರ್ಷದಲ್ಲಿ ಒಬ್ಬರಾದರೂ ಅವರಿಗೆ, ಎಲೆ ಬಲು ಚೆನ್ನಾಗಿ ತೆಗೆದುಕೊಂಡಿರಿ ಎಂದು ಹೇಳಿರಲಿಲ್ಲ.

ಮುಂದಿನ ವಾರ ಜಡೆಸ್ವಾಮಿಯ ಮಗಳು ಶಿಲ್ಪಳ ನಿಶ್ಚಿತಾರ್ಥ. ಹೋಗದಿದ್ದರೆ ಮರ್ಯಾದೆ ಹೋಗುತ್ತದೆ, ಹೋದರೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಪುಟ್ಟಬಸಪ್ಪನವರು ಹುಣಸೆಹಣ್ಣು ಹಾಕಿ ಕೈ ಉಜ್ಜಿಕೊಂಡು, ಜರಿ ಅಂಚಿನ ಪಂಚೆ ಉಟ್ಟು ಹೋದರು. ಎತ್ತರದ ಕುರ್ಚಿ ಅವರಿಗಾಗಿ ಕಾದಿತ್ತು. ಜಡೆಸ್ವಾಮಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಸೊಂಟ ಬಗ್ಗಿಸಿ ನಿಂತ. ಯಜಮಾನರು ಕೈ ಚಾಚಿದಾಗ ಉಗುರಿನ ಸಂದಿಯಲ್ಲಿ ಹೊಲ ಹಾಗೇ ಇತ್ತು. ಜಡೆಸ್ವಾಮಿಯ ಹೆಂಡತಿ ಮಹಾಲಿಂಗಮ್ಮ ಅದನ್ನು ನೋಡಿ, ಬೇಗ ಕಣ್ಣನ್ನು ನೆಲಕ್ಕೆ ಇಳಿಸಿದಳು.

ಎಲೆ ಬಾಯಿಗೆ ಹೋಯಿತು. ಏನೂ ಆಗಲಿಲ್ಲ ಎಂದು ಅವರು ಉಸಿರು ಬಿಡುವಷ್ಟರಲ್ಲಿ ಜಡೆಸ್ವಾಮಿ ವಿನಯದಿಂದ ಶುರುಮಾಡಿದ.

"ಯಜಮಾನ್ರೆ, ನಿಮ್ಮೊಲ್ದಲ್ಲಿ ಗಟ್ಟದ ಕೆಳಗ್ಲೋನು ಒಬ್ಬ ಆಳವ್ನಲ್ಲ, ಅವನ್ನ ನಮ್ಮ ಬೆಳ್ಳುಳ್ಳಿಗೆ ಎರಡು ದಿನ ಕಳಿಸಿಕೊಡ್ಬೇಕು."

"ನಮ್ಮೊಲಕ್ಕೂ ಒಂದಿನ" ಎಂದ ಗೋಡೆಗೆ ಒರಗಿದ್ದ ಮುದುಕ ದೊಡ್ಡಮಾದ.

"ನಾವು ಎಂದೋ ಕೇಳವು ಅಂತಿದ್ದೊ" ಎಂದಳು ಹೆಂಗಸರ ಸಾಲಿನಿಂದ ವಸಂತಮ್ಮ. "ಗೇಯೋವಾಗ ಆವಯ್ಯಂಗೆ ಮುಜುಗರ ಆಗ್ಬಾರ್ದು ಅಂತ ಮೂರು ವರ್ಷದಿಂದ ಊರೋರೆಲ್ಲ ಕೆರೆ ಏರಿ ಸುತ್ತಾಕ್ಕಂಡೇ ಓಯ್ತಾ ಇವಿ."

ಪುಟ್ಟಬಸಪ್ಪನವರು ಒಂದೊಂದೇ ಮುಖ ನೋಡಿದರು. ಯಾರೂ ನಗುತ್ತಿರಲಿಲ್ಲ. ಎಲ್ಲರ ಮುಖದಲ್ಲೂ ತುಂಬ ಗೌರವವಿತ್ತು, ತೊಂದರೆಯೇ ಅದು. ತಮ್ಮ ಹೊಲದ ಪಕ್ಕದ ಕಾಲುದಾರಿಯಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆದಿದ್ದು ಏಕೆಂದು ಈಗ ತಿಳಿಯಿತು. ಜನ ಸೋಮಾರಿಗಳಾಗಿದ್ದಾರೆ, ಯಾರೂ ಹೊಲದ ಕಡೆ ಹೋಗುವುದಿಲ್ಲ ಎಂದು ಅವರು ಜಗಲಿಯ ಮೇಲೆ ಕೂತು ಎಷ್ಟೋ ಸಲ ಬೈದಿದ್ದರು. ತಮ್ಮ ಮರ್ಯಾದೆಯನ್ನು ಕಾಪಾಡಿದ್ದು ಶಾಂತಮಲ್ಲಮ್ಮನ ಸೀರೆಗಳೆಂದೂ ನಂಬಿದ್ದರು.

ಅವರು ಎಲೆಯನ್ನು ಬಹಳ ಹೊತ್ತು ಜಗಿದರು. ಸಭೆ ಕಾಯಿತು.

"ಕೇಳಿ ನೋಡ್ತೀನಿ" ಎಂದರು ಕೊನೆಗೆ. "ಅವನು ವಸಿ ಬಿಗುಮಾನದೋನು."

"ಅದು ಗೊತ್ತು ಬುಡಿ" ಎಂದ ಜಡೆಸ್ವಾಮಿ.

ಮನೆಗೆ ಬಂದವರು ಅಂಗಿಯನ್ನೂ ಬಿಚ್ಚದೆ ದಿವ್ಯಳ ಎದುರು ಕೂತರು. "ಮಾನ ಕಳುದ್ರೆ ಅಸ ಕೊಡ್ಬೇಕು ಅಂದೆಯಲ್ಲವ್ವ. ಊರೋರೆಲ್ಲ ಸೇರಿ ಒಬ್ಬನ ಮಾನ ಉಳ್ಸುದ್ರೆ ಯಾರು ಯಾರಿಗೆ ಕೊಡ್ಬೇಕು?"

ದಿವ್ಯ ಹಿಂದೆ ಮುಂದೆ ಹಾಳೆ ತಿರುವಿದಳು. "ಅದು ಇದ್ರಲ್ಲಿ ಬರ್ದಿಲ್ಲ ತಾತ."

ಸೋಮವಾರ ಟವೆಲು ಸುತ್ತಿಕೊಂಡ ಆಳು ಜಡೆಸ್ವಾಮಿಯ ಹೊಲಕ್ಕೆ ಹೋದ. ಹೊತ್ತು ಮೂಡಿದ ಮೇಲೆಯೇ ಹೋದ. ಮಡಿಗಳು ಸೊಟ್ಟಗಿವೆ ಎಂದು ಜಡೆಸ್ವಾಮಿಯನ್ನು ಬೈದ. ಇಪ್ಪತ್ತಮೂರು ಹಸುವಿನ ಒಡೆಯ "ಆಯ್ತು ಬುಡಣ್ಣ, ತಿದ್ದು" ಎಂದು ಬೈಸಿಕೊಂಡ. ಮಧ್ಯಾಹ್ನ ಹೊಂಗೆಮರದ ಕೆಳಗೆ ಸಾಲಾಗಿ ಕೂತವರಿಗೆಲ್ಲ ಮಹಾಲಿಂಗಮ್ಮ ಮುದ್ದೆ ಬಡಿಸಿಕೊಂಡು ಬಂದಳು. ಆಳಿನ ತಟ್ಟೆಗೆ ಸರದಿಯಲ್ಲಿ ಐದನೆಯದಾಗಿ ಮುದ್ದೆ ಬಿತ್ತು. ಅವನು ಕೇಳದೆಯೇ ಎರಡನೆಯದೂ ಬಿತ್ತು. ಪುಟ್ಟಬಸಪ್ಪನವರಿಗೆ ಮನೆಯಲ್ಲಿ ಒಂದು ಮುದ್ದೆಯೇ ಹೆಚ್ಚಾಗುತ್ತಿತ್ತು. ಆಳು ಎರಡನ್ನೂ ಮುಗಿಸಿ ಸಾರು ಕೇಳಿದ.

ಈ ಸುದ್ದಿ ತಾಳವಾಡಿಯ ಅಂಗಡಿಗೂ ಮುಟ್ಟಿತು. ಮಹದೇವ ಬೈಕಿನಲ್ಲಿ ಓಡಿ ಬಂದ. "ಇಂಗಾದ್ರೆ ನಾಳೆ ನಂಗ್ಯಾರು ಮೊದ್ಲೆಲೆ ಕೊಡ್ತರಪ್ಪಾಜಿ?" ಎಂದ. ಅಪ್ಪ ಅವನ ಕೈಯನ್ನು ಅಂಗಾತ ಹಿಡಿದು, ಎಲೆ ಹಿಡಿಯುವುದಕ್ಕೇ ಹೇಳಿ ಮಾಡಿಸಿದಂತಿದ್ದ ಆ ಮೆತ್ತನೆಯ ಅಂಗೈಯನ್ನು ನೋಡಿ, ಮೆಲ್ಲಗೆ ಕೆಳಗೆ ಬಿಟ್ಟರು.

ಆ ವರ್ಷ ಆಳು ಏಳು ಹೊಲದಲ್ಲಿ ನೀರು ಕಟ್ಟಿದ. ಮೊದಲ ವೀಳ್ಯ ಯಜಮಾನರಿಗೇ ನಡೆದು ಬಂತು. ಇಬ್ಬರ ವಿಷಯವನ್ನೂ ಊರು ಒಂದೇ ಉಸಿರಿನಲ್ಲಿ ಎಂದೂ ಆಡಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಊರಿನ ಅಣ್ಣತಮ್ಮಂದಿರಿಬ್ಬರು ಬದುವಿನ ಜಗಳದ ತೀರ್ಮಾನಕ್ಕೆಂದು ಯಜಮಾನರನ್ನು ಹುಡುಕಿಕೊಂಡು ಬಂದರು. ಜಗಲಿ ಖಾಲಿಯಿತ್ತು. ಶಾಂತಮಲ್ಲಮ್ಮ ಮೊರದಿಂದ ತಲೆ ಎತ್ತದೆ ಹೇಳಿದರು.

"ಯಜಮಾನ್ರು ಸಂಜ್ಗೆ ಸಿಕ್ತರೆ, ಕೂತ್ಕಳಿ. ಆಳೇನಾರೂ ಬೇಕಾಗಿದ್ರೆ ಈಗ್ಲೇ ಯೋಳ್ಬುಡ್ತೀನಿ, ಬರೋ ತಿಂಗ್ಳವರ್ಗೂ ಅವನಿಗೆ ಪುರುಸೊತ್ತಿಲ್ಲ."