ದೋನ್ಯಾ ಕ್ರುಸಿತಾ ವಾಪಸು ಪಡೆದ ಅಡ್ಡಹೆಸರು

ನಮ್ಮ ಪುಯೆರ್ತೊ ಹಿಗೆರೊ ಊರಿನಲ್ಲಿ ಒಬ್ಬ ಮನುಷ್ಯನ ಪೂರ್ತಿ ಹೆಸರು ಕೇಳಿಬರುವ ಸಂದರ್ಭಗಳು ಮೂರೇ: ಪಾದ್ರಿ ತಲೆಗೆ ನೀರು ಹಾಕುವಾಗ, ಪೊಲೀಸರು ಹಿಡಿದುಕೊಂಡು ಹೋದಾಗ, ಮತ್ತು ಸತ್ತಾಗ. ಮಿಕ್ಕ ಆಯುಷ್ಯವೆಲ್ಲ ಅಡ್ಡಹೆಸರಿನಲ್ಲೇ ಸಾಗುತ್ತದೆ. ನನ್ನನ್ನು ಒಣಮೀನು ಎನ್ನುತ್ತಾರೆ. ಕಾರಣ ಕೇಳಬೇಡಿ.

ಈ ಅಡ್ಡಹೆಸರುಗಳಲ್ಲಿ ಅರ್ಧಕ್ಕರ್ಧ ದೋನ್ಯಾ ಕ್ರುಸಿತಾ ಪೆಗೆರೊ ಇಟ್ಟವು. ಹಿರಿಯ ಹೆಂಗಸರನ್ನು ನಾವು ಗೌರವದಿಂದ ದೋನ್ಯಾ ಎನ್ನುತ್ತೇವೆ. ಹುಡುಗಿಯಾಗಿದ್ದಾಗ ಅವಳು ಚಿಕ್ಕಪ್ಪನ ಧ್ವನಿವರ್ಧಕದ ಗಾಡಿಯಲ್ಲಿ ಕುಳಿತು ಬೀದಿಬೀದಿ ಸುತ್ತುತ್ತಿದ್ದಳು. ಬಾಳೆಕಾಯಿ ಬಂದಿದೆ, ಮೊಟ್ಟೆ ಬಂದಿದೆ, ಇಂಥವರು ತೀರಿಕೊಂಡಿದ್ದಾರೆ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಸಾರುವಳು. ಅವಳ ಬಾಯಲ್ಲಿ ಬಂದರೆ ಸತ್ತವರಿಗೂ ಒಂದು ಗತ್ತು ಬರುತ್ತಿತ್ತು. ಒಮ್ಮೆ ಬೇಸ್‌ಬಾಲ್ ಕ್ರೀಡಾಂಗಣದ ಘೋಷಕನಿಗೆ ಗಂಟಲು ಕಟ್ಟಿತು. ಗಾಡಿ ಹೊರಗೇ ನಿಂತಿತ್ತು, ಅವಳನ್ನು ಎಳೆದು ತಂದು ಮೈಕಿನ ಮುಂದೆ ಕೂರಿಸಿದರು. ಅಲ್ಲಿಂದ ಅವಳು ಎದ್ದಿಲ್ಲ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದರೆ, "ನಾನು ಮಾತಾಡೋವಾಗ ಅಡ್ಡ ಬಾಯಿ ಹಾಕದೆ ಇರೋದು ಈ ಮೈಕು ಒಂದೇ ಕಣಪ್ಪ" ಎನ್ನುವಳು. ಆ ಮೈಕಿನ ಹೊರತು ಅವಳಿಗೆ ಬೇರೆ ಬದುಕಿರಲಿಲ್ಲ. ಇದನ್ನು ನೆನಪಿನಲ್ಲಿಡಿ, ಪಣಕ್ಕೆ ಬಿದ್ದದ್ದು ಅದೇ.

ನಮ್ಮ ತಂಡದ ಹೆಸರು ಏಡಿಗಳು. ಅದರಲ್ಲಿ ಯಾವ ಆಟಗಾರನೂ ಕ್ರುಸಿತಾ ಹೆಸರಿಡುವ ತನಕ ಆಟಗಾರನಲ್ಲ. ವಿಲ್ಕಿನ್ ಎಂಬ ಪೋರ ಮೊದಲ ಸಲ ಹೊಡೆದ ಚೆಂಡು ಮಂಜುಗಡ್ಡೆ ಕಾರ್ಖಾನೆಯ ತಗಡಿನ ಮೇಲೆ ಬಿದ್ದು ಊರೆಲ್ಲ ಸದ್ದಾದಾಗ, ಅವಳು ಅಲ್ಲಿಂದಲೇ ಕೂಗಿದಳು: "ಗುಡುಗು!" ಆಮೇಲೆ ಉತ್ತರ ದೇಶದ ದೊಡ್ಡ ತಂಡದವರು ಅವನನ್ನು ಕರೆದುಕೊಂಡು ಹೋದರು. ಪ್ರತಿ ಚಳಿಗಾಲ ನಮಗಾಗಿ ಆಡಲು ಬರುವಾಗ ಕೊರಳಲ್ಲಿ ಹಗ್ಗದಷ್ಟು ದಪ್ಪದ ಚಿನ್ನ, ಕೆಳಗೆ ಮನೆಯಷ್ಟು ದೊಡ್ಡ ಜೀಪು.

ಆ ಜೀಪು ಫೈನಲ್ ವಾರದಲ್ಲಿ ತಾವಿತೊನ ಮೋಟಾರ್‌ಬೈಕಿಗೆ ಗುದ್ದಿತು. ತಾವಿತೊ ಬೈಕಿನಲ್ಲಿ ಜನರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುವವನು. ಹಾಡಹಗಲು, ಮೂಲೆ ಅಂಗಡಿಯ ಎದುರಿಗೆ, ನಾವೆಲ್ಲ ಡಾಮಿನೊ ಆಡುತ್ತ ಕುಳಿತಿದ್ದಾಗಲೇ ನಡೆದದ್ದು. ವಿಲ್ಕಿನ್ ಒಂದು ಕೈಯಲ್ಲಿ ಬಿಯರ್ ಹಿಡಿದು, ಇನ್ನೊಂದು ಕೈಯಲ್ಲಿ ಅಭಿಮಾನಿಗಳಿಗೆ ಟಾಟಾ ಮಾಡುತ್ತಿದ್ದ. ಸ್ಟಿಯರಿಂಗಿಗೆ ಕೈ ಉಳಿದಿರಲಿಲ್ಲ. ತಾವಿತೊನ ಕಾಲು ಮುರಿಯಿತು. ಜೀಪು ನಿಲ್ಲಲೇ ಇಲ್ಲ.

ಸಂಜೆಯ ಹೊತ್ತಿಗೆ ಪೊಲೀಸರ ಹೇಳಿಕೆ ಬಂತು: ನಿಂತಿದ್ದ ಜೀಪಿಗೆ ಬೈಕೇ ಹೋಗಿ ಗುದ್ದಿದೆ. ಕ್ಲಬ್ಬಿನ ಕಡೆಯಿಂದ ತಾವಿತೊನಿಗೆ ವಿಲ್ಕಿನ್ ಸಹಿ ಹಾಕಿದ ಬ್ಯಾಟು ಬಂತು.

"ಒಳ್ಳೇದಾಯ್ತು, ಊರುಗೋಲು ಇರಲಿಲ್ಲ" ಎಂದ ತಾವಿತೊ.

ನಾವು ಕಣ್ಣಾರೆ ಕಂಡವರು ಡಾಮಿನೊ ಮೇಜಿನ ಸುತ್ತ ಗಂಭೀರವಾಗಿ ಚರ್ಚಿಸಿ, ಯಾರಾದರೂ ಏನಾದರೂ ಮಾಡಲೇಬೇಕು ಎಂಬ ಧೀರ ತೀರ್ಮಾನಕ್ಕೆ ಬಂದು, ಮುಂದಿನ ಆಟ ಶುರು ಮಾಡಿದೆವು. ಫೈನಲ್ ಇತ್ತು ನೋಡಿ.

ಭಾನುವಾರ ಮಧ್ಯಾಹ್ನ ಕ್ರೀಡಾಂಗಣ ಕಿಕ್ಕಿರಿದಿತ್ತು. ಡೋಲು, ತುತ್ತೂರಿ, ಕಬ್ಬಿಣದ ಪಾತ್ರೆ, ಕೈಗೆ ಸಿಕ್ಕಿದ್ದೆಲ್ಲ ಬಡಿಯುತ್ತಿದ್ದರು. ವಿಲ್ಕಿನ್ ಬ್ಯಾಟು ತಿರುಗಿಸುತ್ತ ಹೊರಬಂದಾಗ ಎಲ್ಲರೂ ಉಸಿರು ಎಳೆದುಕೊಂಡು ಕಾದೆವು. ಕ್ರುಸಿತಾ "ಬಾಗಿಲು ಭದ್ರ ಮಾಡ್ಕೊಳ್ಳಿ, ಕೋಳಿಮರಿ ಒಳಗೆ ಹಾಕ್ಕೊಳ್ಳಿ, ಬಂದಾ..." ಎಂದರೆ ನಾವು "ಗುಡುಗು!" ಎಂದು ಒದರಬೇಕು. ಅದು ಪದ್ಧತಿ.

ಮೈಕು ಕೆಮ್ಮಿತು. ಆಮೇಲೆ, ಸಾವು ಸಾರುವ ಆ ಹಳೆಯ ಧ್ವನಿಯಲ್ಲಿ:

"ವಿಲ್ಕಿನ್ ರಾಫಾಯೆಲ್ ಅಂಪಾರೊ ದೆ ಲಾ ರೋಸಾ."

ಅಷ್ಟೇ. ಎಳೆದುಕೊಂಡ ಉಸಿರು ನಮ್ಮ ಎದೆಯಲ್ಲೇ ಉಳಿಯಿತು. ಒಬ್ಬ ಡೋಲಿನವನು ಅಭ್ಯಾಸಬಲದಿಂದ ಒಂದೇಟು ಬಾರಿಸಿ, ನಾಚಿಕೊಂಡು ನಿಲ್ಲಿಸಿದ. ವಿಲ್ಕಿನ್ ಮೇಲೆ ನೋಡಿದ, ಹಿಂದೆ ನೋಡಿದ, ಬೇರೆ ಯಾರನ್ನೋ ಕರೆದರು ಎನ್ನುವ ಹಾಗೆ. ಮೂರು ಸಲ ಬೀಸಿ ಮೂರು ಸಲವೂ ಗಾಳಿಗೆ ಹೊಡೆದು, ಔಟಾಗಿ ವಾಪಸಾದ.

ಕ್ಲಬ್ಬಿನ ಅಧ್ಯಕ್ಷ ದೆಮೊಸ್ತೆನೆಸ್ ರಿಹೊ ಮೆಟ್ಟಿಲು ಹತ್ತಿ ಘೋಷಕಿಯ ಗೂಡಿಗೆ ಓಡಿದರು. ಓಡುವುದು ಅವರ ಘನತೆಗೆ ಹೊಂದುವುದಿಲ್ಲ. ಅವರು ಚಪ್ಪಾಳೆಗೆ ಜಾಗ ಬಿಟ್ಟು ಉಸಿರಾಡುವ ಮನುಷ್ಯ. ಗೂಡಿನ ಕಿಟಕಿ ತೆರೆದಿತ್ತು, ಕೆಳಗಿನ ಸಾಲಿನಲ್ಲಿದ್ದ ನಮಗೆ ಎಲ್ಲ ಕೇಳುತ್ತಿತ್ತು.

"ಏನು ಇದು ದೋನ್ಯಾ? ಗುಡುಗು ಎಲ್ಲಿ?"

"ವಾಪಸ್ ತಗೊಂಡೆ."

"ವಾಪಸ್ಸಾ? ಅದು ಕ್ಲಬ್ಬಿನ ಆಸ್ತಿ!"

"ಇಟ್ಟೋಳು ನಾನು ಸ್ವಾಮೀ. ತಾವಿತೊನ ಕಾಲು ಮುರಿದೆ ಅಂತ ಒಪ್ಪಿಕೊಂಡ ದಿನ ಬಂದು ಕೇಳಲಿ, ಯೋಚನೆ ಮಾಡ್ತೀನಿ."

"ಅದು ಮೈದಾನದ ಹೊರಗಿನ ವಿಷಯ!"

"ತಾವಿತೊನೂ ಹೊರಗೇ ಇದ್ದ. ಒಳಗಿದ್ದಿದ್ರೆ ಹೆಲ್ಮೆಟ್ಟಾದ್ರೂ ಕೊಡ್ತಿದ್ರಿ."

ಅಧ್ಯಕ್ಷರು ಬಾಗಿಲ ಕಡೆಗೆ ಬೆರಳು ತೋರಿಸಿದರು. "ಮುಂದಿನ ಸರದಿಗೆ ಗುಡುಗು ಅನ್ನದಿದ್ರೆ, ಇದೇ ನಿಮ್ಮ ಕೊನೇ ಆಟ. ಆಮೇಲೆ ನೀವು ಈ ಮೈಕು ಮುಟ್ಟೋ ಹಾಗಿಲ್ಲ."

ಕ್ರುಸಿತಾ ಮೈಕಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

ಇತ್ತ ಇನ್ನೊಂದು ಅನಾಹುತ ಸಾಗಿತ್ತು. ಕ್ರೀಡಾಂಗಣದ ಧ್ವನಿವರ್ಧಕ ಹಿಂದಿನ ಕೇರಿಗೂ ಕೇಳಿಸುತ್ತದೆ, ಅಲ್ಲೇ ವಿಲ್ಕಿನ್‌ನ ತಾಯಿ ಹೆರ್ಮಿನಿಯಾಳ ಮನೆ. ಮಗ ಆಡುವ ದಿನ ಅವಳು ಹೆದರಿಕೆಗೆ ಕಿವಿಗೆ ಹತ್ತಿಯಿಟ್ಟುಕೊಂಡು ಅಡುಗೆ ಮಾಡುವಳು. ಕೇರಿಯ ಹೆಂಗಸರಿಗೆ ಮಾತ್ರ ಕ್ರುಸಿತಾಳ ದನಿ ಕೇಳಿತು. ಪೂರ್ತಿ ಹೆಸರು, ಅಡ್ಡಹೆಸರಿನ ಬಾಲವಿಲ್ಲದ್ದು, ಸಾವಿನ ರಾಗದಲ್ಲಿ. ಇನ್ನೇನು ಬೇಕು? ಸಾವಿನ ಮನೆಗೆಂದು ಒಬ್ಬಳು ಕಾಫಿ ಕಾಯಿಸಿದಳು, ಇನ್ನೊಬ್ಬಳು ಕುರ್ಚಿಗಳನ್ನು ತಲೆ ಮೇಲೆ ಹೊತ್ತಳು, ಉಳಿದವರು ದಾರಿಯಿಂದಲೇ ಅಳುತ್ತ ಹೆರ್ಮಿನಿಯಾಳ ಅಂಗಳ ತುಂಬಿದರು.

ಬಾಳೆಕಾಯಿ ಕರಿಯುತ್ತಿದ್ದ ಹೆರ್ಮಿನಿಯಾ ಕಿವಿಯ ಹತ್ತಿ ಕಿತ್ತಳು. "ಯಾರು ಸತ್ತಿದ್ದು?"

"ನಿನ್ನ ಮಗ ಕಣೇ! ಕ್ರುಸಿತಾನೇ ಹೇಳಿದ್ಲು!"

ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದಳು. ಹಿಂದೆ ಅಳುವವರು, ಕುರ್ಚಿಯವರು, ಕಾಫಿಯವಳು. ಆ ಮೆರವಣಿಗೆ ಕ್ರೀಡಾಂಗಣಕ್ಕೆ ನುಗ್ಗಿದಾಗ ಟಿಕೆಟ್ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನಾವೇ ಅವಳನ್ನು ತಡೆದು, ಮಗ ಬದುಕಿದ್ದಾನೆ ಎಂದು ತೋರಿಸಿ, ಪೂರ್ತಿ ಹೆಸರು ಯಾಕೆ ಬಂತೆಂದು ಹೇಳಬೇಕಾಯಿತು. ಹೇಳುವಾಗ ಡಾಮಿನೊ ಮೇಜಿನ ಧೀರರೆಲ್ಲ ನೆಲ ನೋಡುತ್ತಿದ್ದೆವು.

"ಬೈಕೇ ಬಂದು ಗುದ್ದಿತು ಅಂದಿದ್ದ ನನ್ಹತ್ರ" ಎಂದಳು ಹೆರ್ಮಿನಿಯಾ.

ಅಷ್ಟರಲ್ಲಿ ವಿಲ್ಕಿನ್‌ನ ಎರಡನೆಯ ಸರದಿ. ಕ್ರುಸಿತಾ ಮೈಕಿನತ್ತ ಬಾಗಿದಳು: "ವಿಲ್ಕಿನ್ ರಾಫಾಯೆಲ್..." ಮಧ್ಯದಲ್ಲೇ ಅಧ್ಯಕ್ಷರು ಮೈಕು ಕಿತ್ತುಕೊಂಡರು. "ಮಹನೀಯರೇ, ಮಹಿಳೆಯರೇ, ಸನ್ಮಾನ್ಯ ಗುಡುಗು ಅವರು!" ಎಂದರು, ಗ್ರಂಥಾಲಯ ಉದ್ಘಾಟಿಸುವ ಧಾಟಿಯಲ್ಲಿ. ಊರಿಗೆ ಊರೇ ನಕ್ಕಿತು.

ಆ ನಗುವಿನ ನಡುವೆ ಬೇಲಿಯ ಕಡೆಯಿಂದ ಇನ್ನೊಂದು ದನಿ ಬಂತು. ಅದಕ್ಕೆ ಮೈಕು ಬೇಕಿರಲಿಲ್ಲ.

"ವಿಲ್ಕಿನ್! ಬಾರೋ ಇಲ್ಲಿ!"

ಅಂಪೈರನೂ ತಿರುಗಿ ನೋಡಿದ. ವಿಲ್ಕಿನ್ ಬ್ಯಾಟು ಎಳೆದುಕೊಂಡು ಬೇಲಿಗೆ ಬಂದ.

"ಅಮ್ಮಾ, ಆಟ ನಡೀತಿದೆ..."

"ನಡೀಲಿ. ನಿಂತಿದ್ದ ಜೀಪು ಯಾವುದೋ? ನನ್ನ ಮುಖ ನೋಡಿ ಹೇಳು."

ದೊಡ್ಡ ದೊಡ್ಡ ಎಸೆತಗಾರರ ಕಣ್ಣಲ್ಲಿ ಕಣ್ಣಿಟ್ಟವನು ಬೂಟಿನ ತುದಿ ನೋಡಿದ. ಹೆರ್ಮಿನಿಯಾ ತಂತಿಬೇಲಿಯ ಸಂದಿನಿಂದ ಎರಡು ಬೆರಳು ತೂರಿಸಿ ಚಿನ್ನದ ಸರ ಹಿಡಿದು ಎಳೆದಳು.

"ನಾನೇ ಅಮ್ಮಾ! ನಾನೇ ಗುದ್ದಿದ್ದು! ಬಿಡು, ಉಸಿರು ಕಟ್ತಿದೆ!"

ಮುಂದಿನ ಸಾಲಿಗೆ ಕೇಳಿದ್ದು ಸಾಲಿಂದ ಸಾಲಿಗೆ ಏರಿತು. ಮೇಲಿನ ಸಾಲು ಮುಟ್ಟುವಾಗ ಅವನು ಮೂರು ಬೈಕು, ಒಂದು ಕತ್ತೆ, ಪಾದ್ರಿಯ ಸೈಕಲ್ಲು ಎಲ್ಲಕ್ಕೂ ಗುದ್ದಿದ್ದ. ಕೂಗು ಎದ್ದಿತು ನೋಡಿ! ಗೆದ್ದಾಗಲೂ ಆ ಕೂಗು ಕೇಳಿರಲಿಲ್ಲ. "ತಾವಿತೊ! ತಾವಿತೊ!" ಎಂದು ಡೋಲುಗಳು ಹೊಸ ತಾಳ ಹಿಡಿದವು. ತರಬೇತುದಾರ ಕೈ ಎತ್ತಿ ವಿಲ್ಕಿನ್‌ನನ್ನು ಆಟದಿಂದ ಹೊರಗೆ ಕರೆದ.

ಗೂಡಿನಲ್ಲಿ ಅಧ್ಯಕ್ಷರು ಗಾಳಿ ಬೀಸಿದ ಕಡೆ ಮುಖ ತಿರುಗಿಸಿದ್ದರು. "ಶಿಸ್ತಿನ ವಿಷಯದಲ್ಲಿ ಕ್ಲಬ್ಬೇ ಕ್ರಮ ಕೈಗೊಂಡಿದೆ ಅಂತ ಹೇಳಿ ದೋನ್ಯಾ. ಬೇಗ!"

"ನನ್ನ ಕೆಲಸ ಹೋಯ್ತಲ್ಲ ಸ್ವಾಮೀ?"

"ಹೋಯ್ತು ಅಂತ ಯಾರಂದ್ರು?"

"ಕೆಳಗೆ ಕೂತೋರೆಲ್ಲ ಕೇಳಿಸ್ಕೊಂಡಿದ್ದಾರೆ. ಹೋಗಿಲ್ಲ ಅಂತ ಅವರಿಗೆಲ್ಲ ಕೇಳೋ ಹಾಗೆ ಹೇಳಿ."

ಹೇಳಿದರು. ಎರಡು ಸಲ; ಮೊದಲನೆಯದು ಹಿಂದಿನ ಸಾಲಿಗೆ ಕೇಳಲಿಲ್ಲವೆಂದು ನಾವು ಕೂಗಿದೆವು. ಆಮೇಲೆ ಕ್ರುಸಿತಾ ಮೈಕು ಹಿಡಿದಳು: "ತಾಯಿಯ ಅಪ್ಪಣೆ ಮೇರೆಗೆ ವಿಲ್ಕಿನ್ ರಾಫಾಯೆಲ್ ಅಂಪಾರೊ ದೆ ಲಾ ರೋಸಾ ಆಟದಿಂದ ಹೊರಕ್ಕೆ."

ಹೆರ್ಮಿನಿಯಾ ಮಗನನ್ನು ಸಮವಸ್ತ್ರದಲ್ಲೇ ಠಾಣೆಗೆ ಕರೆದೊಯ್ದಳು. ಕುರ್ಚಿ ಹೊತ್ತವರೂ ಹಿಂದೆ ಹೋದರು. ತಂದ ಕುರ್ಚಿ ವ್ಯರ್ಥವಾಗಬಾರದಲ್ಲ. ಹೊಸ ಹೇಳಿಕೆ ಬರೆದು ಮುಗಿಯುವ ತನಕ ಕೇರಿಯೇ ಅಲ್ಲಿ ಕಾಫಿ ಕುಡಿಯುತ್ತ ಕೂತಿತ್ತು.

ನಾವು ಆ ಆಟ ಸೋತೆವು, ಹೀನಾಯವಾಗಿ. ಹೊರಗೆ ಬರುವಾಗ ನಮ್ಮ ಡಾಮಿನೊ ಗುಂಪಿನವನೊಬ್ಬ ತಡೆಯಲಾರದೆ ಕೇಳಿದ:

"ಅಲ್ಲ ದೋನ್ಯಾ, ನೀವು ಮಾಡಿದ್ದು ಸರೀನೇ. ಆದ್ರೆ ಫೈನಲ್ ಮುಗಿದ ಮೇಲೆ ಮಾಡಬಹುದಿತ್ತಲ್ಲ?"

ಕ್ರುಸಿತಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಫೈನಲ್ ಮುಗಿದ ಮೇಲೆ ಕೇಳಿಸ್ಕೊಳ್ಳೋಕೆ ನಿಮ್ಮಲ್ಲಿ ಯಾರು ಅಲ್ಲಿ ಇರ್ತಿದ್ರಿ ಮಗನೇ?"